ಘಟ್ಟ ಹತ್ತುವ ಮೀನು

ಆಷಾಢದ ಮಳೆ ಹಿಡಿದು ನಾಲ್ಕೈದು ದಿನ ಬಿಡದೆ ಸುರಿದರೆ ಕೊಡಗಿನ ನಾಪೋಕ್ಲು ನಡುಗಡ್ಡೆಯಾಗುತ್ತದೆ. ಭಾಗಮಂಡಲದಿಂದ ಇಳಿದು ಬರುವ ಕಾವೇರಿ ಕೆಮ್ಮಣ್ಣು ಕಲಸಿಕೊಂಡು ಮೊದಲು ಗದ್ದೆಯ ಬದುಗಳನ್ನು ಮುಚ್ಚುತ್ತಾಳೆ, ಆಮೇಲೆ ತೋಟದ ಬೇಲಿಯವರೆಗೆ ಬರುತ್ತಾಳೆ, ಒಂದು ಮುಂಜಾನೆ ಜನ ಎದ್ದು ನೋಡುವ ಹೊತ್ತಿಗೆ ಬೊಳಿಬಾಣೆಯಲ್ಲಿ ಮೂರ್ನಾಡಿನ ರಸ್ತೆಯ ಮೇಲೇ ಹರಿಯುತ್ತಿರುತ್ತಾಳೆ. ಚೆರಿಯಪರಂಬಿನ ಹೊಳೆಬದಿಯವರು ಪಾತ್ರೆ, ಪಡಿತರದ ಅಕ್ಕಿ, ಮಕ್ಕಳ ಪುಸ್ತಕ, ಕಾಲು ಕಟ್ಟಿದ ಕೋಳಿ ಎಲ್ಲವನ್ನೂ ಎತ್ತಿಕೊಂಡು ಎತ್ತರದ ಜಾಗಕ್ಕೆ ಹೋಗುತ್ತಾರೆ. ಬಸ್ಸು ಬರುವುದಿಲ್ಲ, ಪತ್ರಿಕೆ ಬರುವುದಿಲ್ಲ, ಕರೆಂಟು ಹೋಗಿ ದಿನ ಎರಡಾಗಿರುತ್ತದೆ. ಪೇಟೆಯಲ್ಲಿ ಗಂಬೂಟಿನ ಸದ್ದು, ತಗಡಿನ ಮೇಲೆ ಮಳೆಯ ಸದ್ದು, ಅದರಾಚೆ ಎಲ್ಲೋ ಹೊಳೆಯ ಗುಂಯ್ ಎನ್ನುವ ಒಂದೇ ಸಮನೆ ಸ್ವರ.

ಮೀನಿನ ಅಂಗಡಿಯ ಹಲಗೆ ತೊಳೆದು ಒರಗಿಸಿಟ್ಟಿದೆ. ಥರ್ಮಾಕೋಲ್ ಪೆಟ್ಟಿಗೆಗಳು ಬೋರಲು ಬಿದ್ದಿವೆ. ಎಂದಿನ ಬೆಕ್ಕುಗಳು ಬಂದು, ಹಲಗೆ ಮೂಸಿ, ಮಳೆಯ ಕಡೆ ಬೆನ್ನು ಹಾಕಿ ಕೂತಿವೆ. ಹಾಗಂತ ಊರಲ್ಲಿ ಮೀನೇ ಇಲ್ಲ ಎಂದುಕೊಳ್ಳಬೇಡಿ. ಕೊಡೆ ಮಡಚಿ ದಿನಸಿ ಅಂಗಡಿಯ ಒಳಮೂಲೆಗೆ ಬನ್ನಿ. ಗೋಣಿತಾಟಿನ ಮೇಲೆ ಒಣ ಬಂಗುಡೆ, ಒಣ ಸಿಗಡಿ, ಉಪ್ಪು ಹರಳುಗಟ್ಟಿದ ತೊರಕೆಯ ತುಂಡುಗಳು ಗುಡ್ಡೆಯಾಗಿವೆ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ಮುಖ ತಿರುಗಿಸುವವರಿದ್ದಾರೆ. ಆದರೆ ಒಲೆಯ ಕೆಂಡದ ಮೇಲೆ ಆ ತುಂಡನ್ನಿಟ್ಟು, ಚಿಟಚಿಟ ಎಂದು ಅಂಚು ಕಪ್ಪಾಗುವಾಗ ತಿರುವಿ, ಬಿಸಿ ಗಂಜಿಯ ಬಟ್ಟಲಿನ ಪಕ್ಕಕ್ಕೆ ಹಾಕಿಕೊಂಡವರಿಗೆ ಮಳೆಗಾಲದ ನಾಲಿಗೆಯ ಅರ್ಥ ಗೊತ್ತಿದೆ. ಮೇ ತಿಂಗಳ ಬಿಸಿಲಿನಲ್ಲಿ ಕಡಲ ದಂಡೆಯ ಹೆಂಗಸರು ಉಪ್ಪು ಸವರಿ ಹರವಿ ಒಣಗಿಸಿದ ಮೀನು, ಜುಲೈ ತಿಂಗಳಲ್ಲಿ ಇಲ್ಲಿ ನಾಲ್ಕು ಕಡೆಯಿಂದ ನೀರು ಸುತ್ತಿದ ಊರಿನ ಊಟವಾಗುತ್ತದೆ.

ಹಸಿ ಮೀನೂ ಇದೆ, ಅಂಗಡಿಯಲ್ಲಿ ಅಲ್ಲ, ಗದ್ದೆಯಲ್ಲಿ. ಮೊದಲ ಜೋರು ಮಳೆಗೆ ಹೊಳೆಯ ಮೀನುಗಳು ತೋಡು ಹಿಡಿದು, ಹರಿವಿಗೆ ಎದುರಾಗಿ, ಗದ್ದೆಯಿಂದ ಗದ್ದೆಗೆ ಏರುತ್ತವೆ. ಮಲೆನಾಡಿನವರು ಹತ್ತುಮೀನು ಎನ್ನುವುದು ಇದನ್ನೇ. ರಾತ್ರಿ ಟಾರ್ಚು ಹಿಡಿದು ಬದುವಿನ ಮೇಲೆ ಹೋದರೆ ಬೆಳಕಿನ ಸುತ್ತಿನಲ್ಲಿ ಮಳೆಹನಿ, ಕಪ್ಪೆಯ ಕಣ್ಣು, ಬದುವಿನ ಬಾಯಲ್ಲಿ ಕಟ್ಟಿದ ಬಿದಿರಿನ ಕೂಳಿ, ಅದರೊಳಗೆ ಪಟಪಟ ಬಡಿಯುವ ಬೆರಳುದ್ದದ ಮೀನುಗಳು ಕಾಣುತ್ತವೆ. ಕೊಡವರ ಮನೆಗಳಲ್ಲಿ ಕೊಯಿಲೆ ಮೀನು ಎಂದು ಮುದ್ದಿನಿಂದ ಕರೆಯುವುದು ಇಂಥ ಪುಟ್ಟ ಮೀನನ್ನು. ಕಕ್ಕಡ ತಿಂಗಳ ಅಡುಗೆಮನೆಗೆ ಕಣಿಲೆ, ಅಣಬೆ, ಗದ್ದೆಯ ಏಡಿ ಬರುವ ಹೊತ್ತಿಗೇ ಇದೂ ಬರುತ್ತದೆ. ಮಣ್ಣಿನ ಪಾತ್ರೆಯಲ್ಲಿ ಕಾಳುಮೆಣಸು, ಜೀರಿಗೆ, ಮೇಲಿಂದ ಕಪ್ಪಗೆ ಜೇನಿನಷ್ಟು ಮಂದವಾದ ಕಾಚಂಪುಳಿಯ ಒಂದೆರಡು ಚಮಚ. ಈ ಕಾಚಂಪುಳಿಯ ಹಣ್ಣು ಘಟ್ಟದ ಮಳೆಕಾಡಿನ ಹಣ್ಣು, ಮೀನಿನ ಜೊತೆ ಇದರ ನಂಟು ಬಹಳ ಹಳೆಯದು. ಇದೇ ಹಣ್ಣಿನ ಸಿಪ್ಪೆಯನ್ನು ಉಪ್ಪಿನೊಂದಿಗೆ ಸೇರಿಸಿ, ಬಂಗುಡೆಯನ್ನು ಮರದ ಪೀಪಾಯಿಗಳಲ್ಲಿ ಹದ ಹಾಕಿ, ಹಡಗಿನಲ್ಲಿ ಸಿಂಹಳಕ್ಕೆ ಕಳಿಸುವ ವ್ಯಾಪಾರವೊಂದು ಮಲಬಾರ್ ಮತ್ತು ದಕ್ಷಿಣ ಕನ್ನಡದ ಕರಾವಳಿಯಲ್ಲಿ ನಡೆಯುತ್ತಿತ್ತು. ಕೊಲಂಬೊ ಹದ ಎಂದೇ ಅದಕ್ಕೆ ಹೆಸರು.

ಗದ್ದೆ ಮೀನಿಗೆ ತಕ್ಕಡಿ ಇರಲಿಲ್ಲ. ಕೂಳಿಯಲ್ಲಿ ಬಿದ್ದದ್ದು ಮನೆಗೆ, ಹೆಚ್ಚಾದದ್ದು ಪಕ್ಕದ ಮನೆಗೆ, ಇನ್ನೂ ಉಳಿದದ್ದು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ. ನಾಳೆಗೆ ಇಡಲಾಗದ ವಸ್ತುವನ್ನು ಇವತ್ತಿನ ಹಸಿವಿಗಿಂತ ಹೆಚ್ಚು ಹಿಡಿದು ಮಾಡುವುದೇನು? ಈ ಒಂದು ಸಣ್ಣ ಲೆಕ್ಕ ನೂರಾರು ವರ್ಷ ತೋಡನ್ನೂ ಕಾದಿತ್ತು, ಮೀನನ್ನೂ ಕಾದಿತ್ತು ಎಂದು ನನಗೆ ಅನ್ನಿಸುತ್ತದೆ. ಮೀನು ಏರುವುದು ಮೊಟ್ಟೆ ಇಡಲು. ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನನ್ನೇ ಹಿಡಿಯುತ್ತಿದ್ದರೂ ಕೂಳಿಗೆ ಸಿಕ್ಕದ್ದಕ್ಕಿಂತ ತಪ್ಪಿಸಿಕೊಂಡದ್ದೇ ಹೆಚ್ಚಿರುತ್ತಿತ್ತು. ಈಗ ಬಯಲಿನ ಬಹುಪಾಲು ಗದ್ದೆ ಪಾಳು. ಕೆಲವು ಕಡೆ ಶುಂಠಿ, ಕೆಲವು ಕಡೆ ಅಡಿಕೆ. ಶುಂಠಿಗೆ ಹೊಡೆದ ಔಷಧಿ ಮಳೆಯ ಜೊತೆ ತೋಡಿಗೆ ಇಳಿಯುತ್ತದೆ. ಹೊಳೆಯ ಗುಂಡಿಗಳಿಗೆ ವಿಷ ಹಾಕುವವರು, ಬ್ಯಾಟರಿಯ ತಂತಿ ಇಳಿಸುವವರು ಬೇರೆ. ಕಾನೂನು ಇದನ್ನು ನಿಷೇಧಿಸಿದೆ, ಆದರೆ ಕತ್ತಲಲ್ಲಿ ಹೊಳೆಯನ್ನು ಕಾಯುವವರು ಯಾರು? ಒಂದು ಗುಂಡಿಗೆ ವಿಷ ಬಿದ್ದರೆ ಮರಿಯಿಂದ ಮುದಿಯವರೆಗೆ ಎಲ್ಲವೂ ತೇಲುತ್ತದೆ. ಅಷ್ಟೂ ಮೀನನ್ನು ಹೊತ್ತೊಯ್ಯುವ ಧೈರ್ಯ ಬಂದದ್ದು ಮನೆಮನೆಗೆ ಫ್ರಿಜ್ ಬಂದ ಮೇಲೆ, ಪೇಟೆಯಲ್ಲಿ ಹೊಳೆಮೀನಿಗೆ ದರ ಹುಟ್ಟಿದ ಮೇಲೆ.

ಆಗಸ್ಟ್ ಬಂತೆಂದರೆ ದಾರಿ ತೆರೆಯುತ್ತದೆ, ಎರಡೂ ಅರ್ಥದಲ್ಲಿ. ಇಲ್ಲಿ ನೀರು ಇಳಿಯುತ್ತದೆ. ಅಲ್ಲಿ ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಮುಗಿಯುತ್ತದೆ. ಮೀನಿನ ಗಾಡಿಗಳಿಗೆ ಘಟ್ಟ ಹತ್ತಲು ಮೂರು ದಾರಿ. ಕಣ್ಣೂರು, ತಲಶ್ಶೇರಿಯ ಕಡೆಯವು ಇರಿಟ್ಟಿ ದಾಟಿ ಮಾಕುಟ್ಟದ ಕಾಡಿನ ತಿರುವುಗಳಲ್ಲಿ ವಿರಾಜಪೇಟೆಗೆ ಬಂದು ಇತ್ತ ತಿರುಗುತ್ತವೆ. ಮಂಗಳೂರಿನವು ಸುಳ್ಯ, ಸಂಪಾಜೆಯ ಮೇಲೆ ಮಡಿಕೇರಿಗೆ ಹತ್ತಿ, ಅಲ್ಲಿಂದ ಸುಮಾರು 20 ಕಿ.ಮೀ. ಇಳಿಯುತ್ತವೆ. ಮೂರನೆಯದು ಕಾಞಂಗಾಡಿನಿಂದ ಪಾಣತ್ತೂರು, ಕರಿಕೆಯ ಮೇಲೆ ಭಾಗಮಂಡಲಕ್ಕೆ ಬರುವ ಕಿರುದಾರಿ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿಯ ಗುಡ್ಡಗಳು ಕುಸಿದು ಮಂಗಳೂರಿನ ಹೆದ್ದಾರಿ ಮುಚ್ಚಿದಾಗ ಕೊಡಗು ಕಳೆದುಕೊಂಡ ಜೀವ, ಮನೆ, ತೋಟಗಳ ಮುಂದೆ ಮೀನಿನ ಮಾತು ಸಣ್ಣದು. ಆದರೂ ಒಂದು ರಸ್ತೆ ಹೋದರೆ ತಟ್ಟೆಯವರೆಗೆ ಏನೇನು ಬದಲಾಗುತ್ತದೆ ಎಂಬುದು ಆ ವರ್ಷ ಎಲ್ಲರಿಗೂ ಕಂಡಿತು.

ಗಾಡಿ ಬಂದ ಬೆಳಿಗ್ಗೆಯ ಮೀನು ಮಾರುಕಟ್ಟೆಯನ್ನು ನಿಂತು ನೋಡಬೇಕು. ಪೆಟ್ಟಿಗೆ ನೆಲಕ್ಕಿಟ್ಟ ಸದ್ದು, ಐಸು ಕುಟ್ಟುವ ಸದ್ದು, ಮಲಯಾಳಂ, ಕೊಡವ ತಕ್ಕ್, ಕನ್ನಡ, ತುಳು ಎಲ್ಲ ಒಂದೇ ಮಾತಿನೊಳಗೆ ಸೇರಿಹೋದ ಚೌಕಾಸಿ. ಪುಡಿ ಐಸಿನ ನಡುವೆ ಮತ್ತಿ ಮೀನಿನ ಬೆನ್ನು ನೀಲಿ ಹಸಿರಾಗಿ ಹೊಳೆಯುತ್ತದೆ. ಕೊಳ್ಳುವ ಹೆಂಗಸು ಕಿವಿರು ಎತ್ತಿ ನೋಡುತ್ತಾಳೆ. ಕೆಂಪಿದ್ದರೆ ಮುಂದಿನ ಮಾತು, ಕಂದಾಗಿದ್ದರೆ ಮಾತೇ ಇಲ್ಲ. ಅಂಜಲ್ ಕೊಳ್ಳುವವರು ತೂಕ ಹೇಳಿ ಜೀಪಿನಲ್ಲಿ ಕೂರುತ್ತಾರೆ. ಮತ್ತಿ ಕೊಳ್ಳುವವರು ನಿಂತೇ ಇರುತ್ತಾರೆ, ಯಾಕೆಂದರೆ ಹನ್ನೊಂದು ಗಂಟೆ ಕಳೆದರೆ ದರ ಇಳಿಯುತ್ತದೆ. ಆಮೇಲೆ ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡವರು ಹಾರ್ನ್ ಒತ್ತುತ್ತಾ ಎಮ್ಮೆಮಾಡು, ಬೇತು, ಕಕ್ಕಬ್ಬೆಯ ಕಡೆಗೆ ಹೊರಡುತ್ತಾರೆ. ತೋಟದ ಲೈನ್‌ಮನೆಗಳಲ್ಲಿ ಆ ಹಾರ್ನಿನ ಸದ್ದಿಗೆ ಪಾತ್ರೆ ಹಿಡಿದ ಮಕ್ಕಳು ಓಡಿ ಬರುತ್ತಾರೆ.

ಲೈನ್‌ಮನೆಯ ಮೀನು ಎಂದರೆ ಮತ್ತಿ. ಕರಾವಳಿ ಕನ್ನಡದವರ ಬೂತಾಯಿ. ಕಡಿಮೆ ಕಾಸಿಗೆ ಹೆಚ್ಚು ಕೊಬ್ಬು, ಹೆಚ್ಚು ರುಚಿ. ಆದರೆ ಇಷ್ಟು ಚಂಚಲವಾದ ಮೀನು ಇನ್ನೊಂದಿಲ್ಲ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಕೇರಳದ ದಂಡೆಗೆ 2012ರಲ್ಲಿ ಬಿದ್ದ ಮತ್ತಿ ಸುಮಾರು 4 ಲಕ್ಷ ಟನ್. 2021ರಲ್ಲಿ ಬಿದ್ದದ್ದು ಬರೀ 3,300 ಟನ್ನಿನಷ್ಟು. ಸಮುದ್ರದ ಬಿಸಿ, ಮಳೆಯ ಏರುಪೇರು, ಮರಿಗಳನ್ನೂ ಬಿಡದೆ ಬಳಿದ ಬಲೆ, ಎಲ್ಲವೂ ಸೇರಿತ್ತು. ಆ ವರ್ಷಗಳಲ್ಲಿ ಒಮಾನಿನಿಂದ ಬಂದ, ದಪ್ಪನೆಯ, ರುಚಿಯಿಲ್ಲದ ಮತ್ತಿಯನ್ನು ಜನ ಗೊಣಗುತ್ತಲೇ ತಿಂದರು. 2023ರ ಹೊತ್ತಿಗೆ ಮತ್ತೆ 1.38 ಲಕ್ಷ ಟನ್ ಬಿತ್ತು, ದರ ಇಳಿಯಿತು. ಕಾಫಿ ಹಣ್ಣು ಕೊಯ್ಯುವ ಹೆಂಗಸಿಗೆ ಈ ಅಂಕಿಗಳು ಗೊತ್ತಿರಬೇಕಿಲ್ಲ. ಅವಳ ಪಾತ್ರೆಯಲ್ಲಿ ಎಷ್ಟು ಮೀನು ಬಿತ್ತು ಎಂಬುದರಲ್ಲೇ ಆ ಲೆಕ್ಕ ಇದೆ.

ಈ ಪೆಟ್ಟಿಗೆಯ ಬೆನ್ನು ಹಿಡಿದು ಕೆಳಗೆ ಇಳಿಯೋಣ. ಬಂದರಿನ ಏಲಂ ಕಟ್ಟೆಯಲ್ಲಿ ಬೆಳಗಿನ ಜಾವ, ಒದ್ದೆ ನೆಲದ ಮೇಲೆ ಮೀನಿನ ರಾಶಿ, ಅದರ ಸುತ್ತ ಕೂಗುವ ಬಾಯಿಗಳು. ಸಣ್ಣ ದೋಣಿಯವನ ಲೆಕ್ಕ ಎಲ್ಲ ಕಡಲಲ್ಲೂ ಹೆಚ್ಚುಕಡಿಮೆ ಒಂದೇ. ಮಾರಿದ ಹಣದಲ್ಲಿ ಮೊದಲು ಎಣ್ಣೆ, ಐಸು, ಬುತ್ತಿಯ ಖರ್ಚು ಕಳೆಯುತ್ತದೆ. ಏಲಂ ಕೂಗಿದವನ ಕಮಿಷನ್ ಕಳೆಯುತ್ತದೆ. ಉಳಿದದ್ದರಲ್ಲಿ ದೋಣಿಗೊಂದು ಪಾಲು, ಬಲೆಗೊಂದು ಪಾಲು, ಆಮೇಲೆ ಕೈಗಳ ಪಾಲು. ಮೀನು ಬೀಳದ ದಿನ ಕೈಗೆ ಸೊನ್ನೆ, ಆದರೆ ಎಣ್ಣೆ ಸುಟ್ಟದ್ದು ಸುಟ್ಟದ್ದೇ. ಬಲೆ ಹರಿದರೆ, ಎಂಜಿನ್ ಕೆಟ್ಟರೆ ದಲ್ಲಾಳಿಯೇ ಮುಂಗಡ ಕೊಡುತ್ತಾನೆ. ಕೊಟ್ಟ ಮೇಲೆ ಮೀನನ್ನು ಅವನಿಗೇ ಹಾಕಬೇಕು, ಅವನು ಹೇಳಿದ ದರಕ್ಕೆ. ಕರ್ನಾಟಕದ ದಂಡೆಯಲ್ಲಿ ಇದಕ್ಕೊಂದು ಬೇರೆ ದಾರಿಯೂ ಇತ್ತು, ರಂಪಣಿ. ದಡದಿಂದ ದೋಣಿಯಲ್ಲಿ ಅರ್ಧಚಂದ್ರಾಕಾರಕ್ಕೆ ಬಲೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ಊರಿಗೆ ಊರೇ ನಿಂತು ಎಳೆಯುವ ಮೀನುಗಾರಿಕೆ. ಬಲೆಯ ತುಂಡುಗಳು ಬೇರೆಬೇರೆ ಮನೆಯವು, ಕೈ ಹಚ್ಚಿದ ಎಲ್ಲರಿಗೂ ಪಾಲು. ಮೀನು ದಂಡೆಗೆ ಬರುವ ತನಕ ಕಾಯಬೇಕು, ಬಾರದಿದ್ದರೆ ಸುಮ್ಮನಿರಬೇಕು. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದು ಮೀನಿನ ಹಿಂಡನ್ನು ಕಡಲಲ್ಲೇ ಸುತ್ತಿಕೊಂಡವು. ದಂಡೆಯಲ್ಲಿ ಹಗ್ಗ ಹಿಡಿದು ನಿಂತವರ ತನಕ ಮೀನು ಬರುವುದು ನಿಂತುಹೋಯಿತು.

ಇನ್ನೂ ಪಶ್ಚಿಮಕ್ಕೆ ಹೋದರೆ ನೀರಿನ ಬಣ್ಣವೇ ಬೇರೆ. ಕರ್ನಾಟಕಕ್ಕೆ ಹವಳದ ಬಂಡೆ ಎಂದರೆ ಮುರ್ಡೇಶ್ವರದ ಆಚೆಯ ನೇತ್ರಾಣಿ. ಆದರೆ ಹವಳದ ಮೇಲೆಯೇ ಹುಟ್ಟಿ, ಹವಳದ ಮೇಲೆಯೇ ಮಣ್ಣಾಗುವ ಜನರು ಲಕ್ಷದ್ವೀಪದವರು. ಅವರು ನಮಗೆ ಅಷ್ಟೇನೂ ದೂರದವರಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳ ಆಡಳಿತ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯದು. ಮಂಗಳೂರಿನ ಹಳೆ ಬಂದರಿನಲ್ಲಿ ಅಕ್ಕಿ, ಇಟ್ಟಿಗೆ, ತರಕಾರಿ ತುಂಬಿಸಿಕೊಂಡು ಹೊರಡುವ ಮಂಜಿಗಳು ಆ ಕಡೆಯವೇ. ಜನವಸತಿ ಇರುವ 10 ದ್ವೀಪ, ಎಲ್ಲ ಸೇರಿದರೂ ನೆಲ ಸುಮಾರು 32 ಚದರ ಕಿ.ಮೀ.; ಹವಳದ ಅಂಚಿನೊಳಗೆ ತಿಳಿಹಸಿರಾಗಿ ನಿಂತ ಲಗೂನಿನ ನೀರು ಮಾತ್ರ ಸುಮಾರು 4,200 ಚದರ ಕಿ.ಮೀ. ಗಿಳಿಮೀನು ಹವಳವನ್ನು ಕಚ್ಚಿ ಅರೆದು ಹೊರಹಾಕಿದ ಬಿಳಿ ಮರಳೂ ಸೇರಿಯೇ ಅಲ್ಲಿನ ದಂಡೆ ಆಗಿರುವುದು. ಅಲ್ಲಿ ಬಂಡೆ ಸತ್ತರೆ ಮೀನಿನ ಜೊತೆ ಕಾಲಕೆಳಗಿನ ನೆಲವೂ ಕರಗುತ್ತದೆ.

ಅವರ ಕಸುಬನ್ನು ನೋಡಿದರೆ ನಾಪೋಕ್ಲಿನ ಒಲೆಯ ಮೇಲಿನ ಅಟ್ಟ ನೆನಪಾಗುತ್ತದೆ. ಮಿನಿಕಾಯ್ ದ್ವೀಪದವರು ನಸುಕಿನಲ್ಲಿ ಲಗೂನಿನಲ್ಲಿ ಸಣ್ಣ ಬಲೆ ಬೀಸಿ ಬೆರಳಿನಷ್ಟು ಮೀನುಗಳನ್ನು ಜೀವಂತ ಹಿಡಿದು ದೋಣಿಯ ನೀರಿನ ತೊಟ್ಟಿಯಲ್ಲಿ ಬಿಟ್ಟುಕೊಳ್ಳುತ್ತಾರೆ. ಹೊರಕಡಲಿನಲ್ಲಿ ಹಕ್ಕಿಗಳ ಹಿಂಡು ಕಂಡ ಕಡೆಗೆ ದೋಣಿ ತಿರುಗಿಸಿ, ಆ ಸಣ್ಣ ಮೀನುಗಳನ್ನು ಎರಚಿ, ನೀರು ಚಿಮುಕಿಸಿ, ಟ್ಯೂನಾ ಹಿಂಡು ಮೇಲೆದ್ದಾಗ ಸಾಲಾಗಿ ನಿಂತು ಗಳದಿಂದ ಒಂದೊಂದೇ ಮೀನನ್ನು ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಕೊಕ್ಕೆಗೆ ಮುಳ್ಳಿಲ್ಲ, ಮೀನು ತಾನೇ ಕಳಚಿ ಬೀಳುತ್ತದೆ. ದಡಕ್ಕೆ ತಂದು ಸೀಳಿ, ಬೇಯಿಸಿ, ತೆಂಗಿನ ಚಿಪ್ಪಿನ ಹೊಗೆಯಲ್ಲಿ, ಬಿಸಿಲಿನಲ್ಲಿ ಒಣಗಿಸಿದರೆ ಕಟ್ಟಿಗೆಯಷ್ಟು ಗಟ್ಟಿಯಾದ ಮಾಸ್‌ಮೀನ್. ಐಸು ಬೇಡ, ತಿಂಗಳುಗಟ್ಟಲೆ ಕೆಡುವುದಿಲ್ಲ, ದೂರದ ಮಾರುಕಟ್ಟೆಗೆ ನಿಧಾನವಾಗಿ ತಲುಪಿದರೂ ಸರಿ. 1960ರ ದಶಕದ ಆರಂಭದಲ್ಲಿ ಯಾಂತ್ರಿಕ ದೋಣಿಗಳು ಬಂದ ಮೇಲೆ ಅಗತ್ತಿಯಂಥ ಬೇರೆ ದ್ವೀಪಗಳೂ ಈ ಕಸುಬು ಕಲಿತವು. ದುಡಿಮೆಯ ದುಡ್ಡು ಹೊರಕಡಲಿನ ಟ್ಯೂನಾದಿಂದ ಬಂತು. ಬಂಡೆಯ ಮೀನು ಮನೆಯ ಸಾರಿಗೆ ಉಳಿಯಿತು. ಇಳಿತದ ಹೊತ್ತು ಅಜ್ಜಿಯರು ಕೋಲು ಹಿಡಿದು ಬಂಡೆಯ ಬಿಲಗಳಲ್ಲಿ ಅಷ್ಟಪದಿ ಹುಡುಕುವುದು, ಹುಡುಗರು ಮೊಣಕಾಲುದ್ದದ ನೀರಿನಲ್ಲಿ ಬೀಸುಬಲೆ ಹಾಕುವುದು, ಇಷ್ಟೇ. ಮುಂಗಾರಿನಲ್ಲಿ ಕಡಲು ಕೆರಳಿ ದೋಣಿಗಳನ್ನೆಲ್ಲ ದಂಡೆಗೆಳೆದಾಗ, ಅಂದರೆ ನಾಪೋಕ್ಲಿನ ರಸ್ತೆಗಳು ಮುಳುಗುವ ಅದೇ ತಿಂಗಳುಗಳಲ್ಲಿ, ಲಗೂನಿನ ಮೀನೇ ದ್ವೀಪದವರ ಹೊಟ್ಟೆ ಹೊರೆಯುತ್ತದೆ.

ಯಾರೂ ಬಂಡೆಯನ್ನು ಕಾಯಬೇಕೆಂದು ಈ ಏರ್ಪಾಟು ಮಾಡಿರಲಿಲ್ಲ. ಬಂಡೆಯ ಮೀನನ್ನು ಕೊಳ್ಳುವವರು ಇರಲಿಲ್ಲ, ಇದ್ದರೂ ಕೆಡದಂತೆ ಕಳಿಸುವ ದಾರಿ ಇರಲಿಲ್ಲ, ಅದಕ್ಕೇ ಅದು ಉಳಿಯಿತು. ಕಳೆದ ಹದಿನೈದು ವರ್ಷಗಳಿಂದೀಚೆಗೆ ಐಸಿನ ಪೆಟ್ಟಿಗೆಯ ದೋಣಿಗಳು, ಹೆಪ್ಪುಗಟ್ಟಿಸಿ ರಫ್ತು ಮಾಡುವ ಕೊಳ್ಳುಗರು ಬಂದು ಮುರು, ಕೆಂಬೇರಿಯಂಥ ಬಂಡೆಮೀನಿಗೆ ಬೆಲೆ ಕಟ್ಟಿದ್ದಾರೆ. ಟ್ಯೂನಾ ಸಿಗದ ವಾರ ಆ ಬೆಲೆಗೆ ಯಾವ ಮೀನುಗಾರ ಬೇಡವೆಂದಾನು? ತಪ್ಪು ಅವನದಲ್ಲ. ಆದರೆ ಮುರು ಮೀನು ನಿಧಾನಕ್ಕೆ ಬೆಳೆಯುವ ಜೀವ. ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಕೆಲವು ಮಾತ್ರ ಗಂಡಾಗುತ್ತವೆ. ಮೊಟ್ಟೆ ಇಡುವ ಕಾಲಕ್ಕೆ ಒಂದೇ ಜಾಗದಲ್ಲಿ ನೂರಾರು ಸೇರುತ್ತವೆ. ಅತಿ ಚಿಕ್ಕ ಜನವಸತಿಯ ದ್ವೀಪವಾದ ಬಿತ್ರಾದ ಬಳಿ ಅಂಥ ಕೂಟವನ್ನು ಸಂಶೋಧಕರು ದಾಖಲಿಸಿದ್ದಾರೆ. ಆ ಜಾಗ ಗೊತ್ತಿದ್ದವನಿಗೆ ಒಂದು ರಾತ್ರಿಯ ಗಾಳ ಸಾಕು. ತೂಕ ಹೆಚ್ಚೆಂದು ದೊಡ್ಡದನ್ನೇ ಆರಿಸಿ ಹಿಡಿದರೆ ಬಿತ್ತನೆಯ ಭತ್ತವನ್ನೇ ಕುಟ್ಟಿ ಉಂಡಂತೆ. ಇದರ ಮೇಲೆ ಬಿಸಿಯೇರಿದ ಕಡಲು 1998, 2010, 2016, ಮತ್ತೆ 2024ರಲ್ಲಿ ಹವಳವನ್ನು ಬಿಳಿಚಿಸಿದೆ. ಹವಳ ಸತ್ತ ಕಡೆ ಟ್ಯೂನಾಕ್ಕೆ ಎರಚುವ ಸಣ್ಣ ಮೀನೂ ಕಡಿಮೆ. ಅದು ಇಲ್ಲವಾದರೆ ಹೊರಕಡಲಿನ ಕಸುಬೂ ನಿಲ್ಲುತ್ತದೆ.

ಪ್ರಪಂಚದಲ್ಲಿ ಹಿಡಿಯುವ ಮೀನಿನಲ್ಲಿ ನೂರಕ್ಕೆ ಸುಮಾರು 40 ಪಾಲು ಇಂಥ ಸಣ್ಣ ಮೀನುಗಾರರ ಕೈಯದು, ಮೀನುಗಾರಿಕೆಯ ದುಡಿಮೆಯಲ್ಲಿ 90 ಪಾಲು ಅವರದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2023ರ ವರದಿಯಲ್ಲಿ ಹೇಳಿತು. ಇಷ್ಟೊಂದು ಜನ ಹಿಡಿಯದೆ ಬಿಟ್ಟದ್ದಕ್ಕೆ ಯಾವ ಏಲಂ ಕಟ್ಟೆಯೂ ಬೆಲೆ ಕೂಗುವುದಿಲ್ಲ. ಬಿಟ್ಟದ್ದಕ್ಕೆ ಬೆಲೆ ಕೊಡುವ ಪದ್ಧತಿ ನಮ್ಮ ಹೊಳೆಯಲ್ಲಿಯೇ ಇದೆ. ಇದೇ ಕಾವೇರಿ ಕೊಡಗು ದಾಟಿ ಅರಕಲಗೂಡಿನ ರಾಮನಾಥಪುರಕ್ಕೆ ಹೋದಾಗ ಅಲ್ಲಿನ ದೇವಸ್ಥಾನದ ಮುಂದಿನ ಮಡುವಿನಲ್ಲಿ ಮೀನು ಹಿಡಿಯುವಂತಿಲ್ಲ. ಮಂಡಕ್ಕಿ ಎಸೆದರೆ ಕಪ್ಪು ಬೆನ್ನುಗಳು ಒಂದರ ಮೇಲೊಂದು ಏರಿ ಬಾಯಿ ತೆರೆಯುತ್ತವೆ. ಕಾವೇರಿ ಕಣಿವೆಯಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ, ಗೂನುಬೆನ್ನಿನ ಮಹಶೀರ್, ಅಂದರೆ ನಮ್ಮ ಬಿಳಿಮೀನು, ಉಳಿಯಬೇಕಾದರೆ ಇಂಥ ಮಡುಗಳು ಬೇಕು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಎಳೆದಿದ್ದರು. 2018ರಲ್ಲಿ ಅದೇ ಮೀನು ಅಳಿವಿನ ಅಂಚಿನ ಪಟ್ಟಿ ಸೇರಿತು. ಕೊಡಗಿನ ವಾಲ್ನೂರಿನ ಬಳಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಹೊಳೆಯ ಒಂದು ಪಾತ್ರವನ್ನು ಕಾದು, ಗಾಳಕ್ಕೆ ಸಿಕ್ಕ ಮೀನನ್ನು ಮರಳಿ ನೀರಿಗೇ ಬಿಡುವ ಕಟ್ಟುಪಾಡು ತಂದರು. ಗಾಳ ಹಾಕಲು ಬಂದವರು ಕೊಟ್ಟ ಹಣ ಕಾವಲಿಗೆ. ತಿನ್ನದ ಮೀನಿನಿಂದಲೂ ಸಂಬಳ ಹುಟ್ಟಬಹುದು ಎಂಬುದನ್ನು ಈ ಜಿಲ್ಲೆ ಹೀಗೆ ಕಂಡಿದೆ. ಇಂಥದ್ದೊಂದು ಕಾವಲು ನಾಪೋಕ್ಲಿನ ಕೆಳಗಿನ ಗುಂಡಿಗಳಿಗೂ ಬೇಕೆಂದು ನನ್ನ ಆಸೆ. ಹೊಳೆಬದಿಯ ಹುಡುಗರಿಗೇ ಆ ಕೆಲಸ ಸಿಗಬೇಕು.

ಜನವರಿಯಲ್ಲಿ ಹೊಳೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತದೆ. ಪಲ್ಪರ್ ನೀರಿನ ಹುಳಿ ವಾಸನೆ ತೋಡುಗಳಲ್ಲಿ, ಕಣದ ತುಂಬ ಒಣಗುವ ಕಾಫಿ, ಹೊರಜಿಲ್ಲೆಗಳಿಂದ, ಅಸ್ಸಾಮಿನಿಂದ ಬಂದ ಕೊಯ್ಲಿನವರಿಂದ ತುಂಬಿದ ಲೈನ್‌ಮನೆಗಳು. ಸ್ಕೂಟರಿನ ಮೀನಿನವನಿಗೆ ವರ್ಷದ ಸುಗ್ಗಿ ಇದೇ. ವಾರದ ಬಟವಾಡೆಯ ತನಕ ಅವನು ಕಡ ಕೊಡುತ್ತಾನೆ. ಅಂಗಿಯ ಜೇಬಿನ ಪುಟ್ಟ ಪುಸ್ತಕದಲ್ಲಿ ಹೆಸರಿನ ಮುಂದೆ ಕಿಲೋ ಬರೆಯುತ್ತಾನೆ. ಅವನಿಗೆ ಪೆಟ್ಟಿಗೆ ಕಡ ಕೊಟ್ಟವನು ಪೇಟೆಯ ವ್ಯಾಪಾರಿ, ವ್ಯಾಪಾರಿಗೆ ಕರಾವಳಿಯ ದಲ್ಲಾಳಿ, ದಲ್ಲಾಳಿಯ ಮುಂಗಡದಲ್ಲಿ ಕಡಲಿಗಿಳಿದವನು ದೋಣಿಯವನು. ಕೊಯ್ಲಿನ ನಡುವೆ ಅಕಾಲದ ಮಳೆ ಬಂದು ಹಣ್ಣು ಕೊಯ್ಯುವುದು ನಿಂತರೆ ಬಟವಾಡೆ ಮುಂದಕ್ಕೆ ಹೋಗುತ್ತದೆ, ಪುಸ್ತಕದಲ್ಲಿ ಇನ್ನೊಂದು ಸಾಲು ಸೇರುತ್ತದೆ, ಘಟ್ಟದ ಕೆಳಗೆ ದೋಣಿಯವನು ಎಣ್ಣೆಗೆ ಇನ್ನೊಂದು ಮುಂಗಡ ಕೇಳಲು ಹೋಗುತ್ತಾನೆ.